ಬೇರೆಯವರ ಹೆಸರಿನ ಮನೆ

ಮೈಸೂರಿನ ಶ್ರೀರಾಂಪುರದ ಸೈಟಿನಲ್ಲಿ ಮತ್ತೆ ಗಿಡಗಂಟಿ ಬೆಳೆದಿತ್ತು. ಯಾರೋ ಒಡೆದ ಗೋಡೆಯ ಕಲ್ಲುಮಣ್ಣನ್ನೂ ತಂದು ಸುರಿದಿದ್ದರು. ಸ್ವಚ್ಛ ಮಾಡಿಸಿ ಎಂದು ಪಾಲಿಕೆಯಿಂದ ನೋಟಿಸು ಬಂತು. ಮದುವೆಯಲ್ಲಿ ಅಪ್ಪ ಕೊಟ್ಟ ಸೈಟು ಅದು. ನೋಡಿಕೊಂಡು ನೋಡಿಕೊಂಡು ರಕ್ಷಿತಾಗೆ ಸಾಕಾಗಿತ್ತು.

"ಮಾರ್ಬುಡೋಣ ಕಣೇ," ಎಂದ ಗಂಡ ವಾಗೀಶ.

ವಾಗೀಶ ಗೋಕುಲಂನಲ್ಲಿ ಯೋಗ ಕಲಿಸುತ್ತಿದ್ದ. ಪ್ರತಿವರ್ಷ ಕಲಿಯಲು ಬರುತ್ತಿದ್ದ ಪೀಟರ್ ಎಂಬ ವಿದೇಶಿ ಶಿಷ್ಯ ಥಾಯ್ಲೆಂಡಿನ ಕಡಲತೀರದಲ್ಲಿ ಮನೆ ಮಾಡಿಕೊಂಡಿದ್ದ. ಪಕ್ಕದಲ್ಲೇ ಇನ್ನೊಂದು ಮನೆ ಮಾರಾಟಕ್ಕಿದೆ, ಪ್ರವಾಸಿಗರಿಂದ ಒಳ್ಳೆ ಬಾಡಿಗೆ ಬರುತ್ತದೆ ಎಂದು ಹೇಳಿದ್ದ. ಪೀಟರ್ ಸುಳ್ಳುಗಾರನಲ್ಲ. ಅವನೂ ಹಾಗೆಯೇ ನಂಬಿದ್ದ.

"ಅಲ್ಲಿ ಹೊರದೇಶದೋರ ಹೆಸ್ರಿಗೆ ಜಮೀನು ಆಗಲ್ಲ. ಅಲ್ಲಿನೋರು ಒಬ್ರ ಹೆಸ್ರಲ್ಲಿ ತಗೋಬೇಕು. ಪೀಟರೂ ಅಂಗೇ ಮಾಡಿರೋದು," ಎಂದ ವಾಗೀಶ.

ರಕ್ಷಿತಾಳ ಗೆಳತಿ ಅನನ್ಯ ವಕೀಲೆ. ಅದೇ ಬೀದಿಯವಳು. ಕಾಫಿಗೆ ಬಂದವಳು ಈ ಮಾತು ಕೇಳಿ ಲೋಟ ಕೆಳಗಿಟ್ಟಳು.

"ವಾಗೀಶ್ ಅವ್ರೇ, ಅಂಗೆ ಬೇರೆಯೋರ ಹೆಸ್ರಲ್ಲಿ ತಗೊಳ್ಳೋದು ಅಲ್ಲಿ ಕಾನೂನಿಗೆ ವಿರುದ್ಧ. ನಾಳೆ ಆತ ಇದು ನಂದೇ ಅಂದ್ರೆ ಏನ್ಮಾಡ್ತೀರ?"

"ಆತ ಪೀಟರ್‌ಗೆ ತುಂಬಾ ಬೇಕಾದೋನು ಕಣ್ರೀ."

"ಇಲ್ಲಿಂದ ದುಡ್ಡು ಏನಂತ ಕಳಿಸ್ತೀರ? ಬ್ಯಾಂಕಲ್ಲಿ ಕಾರಣ ಹೇಳ್ಬೇಕಲ್ಲ?"

"ಅದಕ್ಕೂ ದಾರಿ ಇದೆ ಬುಡಿ. ನಿಮ್ ವಕೀಲ್ರಿಗೆ ಎಲ್ಲದ್ರಲ್ಲೂ ಅನುಮಾನ."

ಅನನ್ಯ ರಕ್ಷಿತಾಳ ಮುಖ ನೋಡಿದಳು. ರಕ್ಷಿತಾ ತಲೆ ತಗ್ಗಿಸಿ ಫೋನಿನಲ್ಲಿ ಮನೆಯ ಫೋಟೊ ನೋಡುತ್ತಿದ್ದಳು. ಅಡುಗೆಮನೆಯ ಕಿಟಕಿಯಲ್ಲೇ ಸಮುದ್ರ ಕಾಣುತ್ತಿತ್ತು. ಸೈಟು ಮಾರಿದರು. ಬ್ಯಾಂಕಿಗೆ ಬೇರೇನೋ ಕಾರಣ ಹೇಳಿ ದುಡ್ಡು ಕಳಿಸಿ, ಪೀಟರ್‌ಗೆ ಬೇಕಾದ ಆ ಮನುಷ್ಯನ ಹೆಸರಿನಲ್ಲಿ ಮನೆ ಕೊಂಡರು.

ಮೊದಮೊದಲು ಬಾಡಿಗೆ ಬಂತು. ಆಮೇಲೆ ನಿಂತಿತು. ಮನೆ ಯಾರ ಹೆಸರಿನಲ್ಲಿತ್ತೋ ಆ ಮನುಷ್ಯ ರಸ್ತೆ ಅಪಘಾತದಲ್ಲಿ ತೀರಿಕೊಂಡ ಎಂದು ಪೀಟರ್ ತಿಳಿಸಿದ. ಗಂಡ ಹೆಂಡತಿ ಗಾಬರಿಯಿಂದ ಥಾಯ್ಲೆಂಡಿಗೆ ಹೊರಟರು.

ತಾವು ಕೊಂಡ ಮನೆಯ ಬಾಗಿಲು ತೆರೆದವಳು ಸತ್ತವನ ಹೆಂಡತಿ. ಹಿಂದೆ ಇಬ್ಬರು ಮಕ್ಕಳು. ಗೋಡೆಯ ಮೇಲೆ ಅವನ ಫೋಟೊ, ಅದಕ್ಕೊಂದು ಹೂವಿನ ಹಾರ. ಪೀಟರ್ ಅವಳ ಭಾಷೆಯಲ್ಲಿ ಎಲ್ಲ ವಿವರಿಸಿದ. ಅವಳು ಬೆಚ್ಚಿಬಿದ್ದಳು. ಇದು ನನ್ನ ಗಂಡ ಮಕ್ಕಳಿಗಾಗಿ ಬಿಟ್ಟುಹೋದ ಮನೆ, ಬೇರೆಯವರದು ಎಂದು ಅವರು ಯಾವತ್ತೂ ಹೇಳಿರಲಿಲ್ಲ ಎಂದಳು.

ಸತ್ತವನ ಮನೆಯವರನ್ನು ಬೈಯಬೇಕೆಂದು ರಕ್ಷಿತಾ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದಳು. ಆ ಹೆಂಗಸು ಅಳುತ್ತಲೇ ಒಳಗೆ ಹೋಗಿ ನೀರು ತಂದುಕೊಟ್ಟಳು. ಅವಳ ಹಿಂದೆ ಅಡುಗೆಮನೆಯ ಕಿಟಕಿ, ಕಿಟಕಿಯಾಚೆ ಸಮುದ್ರ. ರಕ್ಷಿತಾ ನೀರು ಕುಡಿದು ಲೋಟ ವಾಪಸು ಕೊಟ್ಟು ಹೊರಗೆ ಬಂದುಬಿಟ್ಟಳು.

ಮೈಸೂರಿಗೆ ಬಂದ ಮೇಲೆ ವಾಗೀಶನೇ ಅನನ್ಯಳ ಮನೆಗೆ ಹೋದ. "ಕೇಸ್ ಹಾಕಕ್ಕಾಗಲ್ವಾ?"

"ಹಾಕಿದ್ರೆ, ಮೊದ್ಲು ಕಾನೂನು ಮುರಿದೋರು ನೀವೇ ಅಂತಾರೆ. ದುಡ್ಡು ಎಂಗೆ ಹೋಯ್ತು ಅಂತ ಇಲ್ಲೂ ಕೇಳ್ತಾರೆ," ಎಂದಳು ಅನನ್ಯ. ವಾಗೀಶ ಅಂದಿನಿಂದ ಪಾಠ ಮುಗಿಸಿ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಾನೆ.

ರಕ್ಷಿತಾಳ ತಮ್ಮ ನಾಗಾರ್ಜುನನಿಗೂ ಅದೇ ಊರಿನಲ್ಲಿ ಜಾಗ ಕೊಳ್ಳುವ ಆಸೆಯಿತ್ತು. "ಭಾವಂದು ಅದೃಷ್ಟ ಸರಿಯಿರ್ಲಿಲ್ಲ ಕಣಕ್ಕ. ಪೀಟರ್ ಮನೆ ಇನ್ನೂ ಚೆನ್ನಾಗೇ ಇದೆಯಲ್ಲ?" ಎಂದ.

"ಅದು ಯಾರ ಹೆಸ್ರಲ್ಲಿದೆಯೋ ಆ ಮನುಷ್ಯ ಇರೋವರ್ಗೂ, ಅವನ ಮನಸ್ಸು ನೆಟ್ಟಗಿರೋವರ್ಗೂ ಇರತ್ತೆ ಕಣೋ. ಆಮೇಲೆ? ನಾನು ದುಡ್ಡು ಕೊಟ್ಟ ಮನೇಲೇ ನೆಂಟ್ರ ಥರ ನೀರು ಕುಡಿದು ಬಂದಿದೀನಿ. ನೀನೂ ಹೋಗಿ ಕುಡಿದು ಬರ್ತೀಯಾ?"

"ಬೇಡ ಬುಡಕ್ಕ," ಎಂದು ನಾಗಾರ್ಜುನ ಎದ್ದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೊರದೇಶದಲ್ಲಿ ಆಸ್ತಿ ಮಾಡುವುದು ತಪ್ಪೇನಲ್ಲ. ಆದರೆ ಅಲ್ಲಿಯ ಕಾನೂನು ಅದನ್ನು ನಿಮ್ಮ ಹೆಸರಿಗೇ ಬರೆದುಕೊಡುತ್ತದೆಯೇ ಎಂದು ಮೊದಲು ಕೇಳಿ. ಮಾರುವವರು ತೋರಿಸಿದ ವಕೀಲರಲ್ಲ, ನೀವೇ ಹುಡುಕಿದ ಅಲ್ಲಿಯ ವಕೀಲರನ್ನು ಕೇಳಿ. ಹಣ ಬ್ಯಾಂಕಿನ ಮೂಲಕವೇ, ನಿಜವಾದ ಕಾರಣ ಹೇಳಿಯೇ ಹೋಗಲಿ. ಆದಾಯ ತೆರಿಗೆಯ ವಿವರದಲ್ಲಿ ಆ ಆಸ್ತಿಯನ್ನೂ ತೋರಿಸಿ. ಬೇರೆಯವರ ಹೆಸರಿನಲ್ಲಿ ತೆಗೆದುಕೊಳ್ಳಿ ಎಂದು ಯಾರೇ ಹೇಳಲಿ, ಎಷ್ಟೇ ಒಳ್ಳೆಯವರಾಗಿರಲಿ, ಬೇಡ ಎನ್ನಿ. ಇವತ್ತೇ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿ. ಸಹಿ ಹಾಕುವ ಮೊದಲು.