ಅಂಬಾರಾಯನ ಕತ್ತರಿ

ಶಾಲು ಹೊದಿಸುವ ಹಾಗೆ ಧರ್ಮರಾಜ ಬೆಂಕಿ ಆರಿಸುವಾಗ ತೊಡುವ ತನ್ನ ಹೊಸ ಕೋಟನ್ನು ಅಂಬಾರಾಯನ ಹೆಗಲಿಗೆ ಹೊದಿಸಿದ. ನಿಗಡಿ ಬಡಾವಣೆಯ ಸಣ್ಣ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿಸಿ ಕೂಡಿಸಿದ್ದ ಹೆಣದ ಹಣೆಯಲ್ಲಿ ವಿಭೂತಿ ಇನ್ನೂ ಹಸಿಯಾಗಿತ್ತು. ಅಗ್ನಿಶಾಮಕ ಠಾಣೆಯಿಂದ ಬಂದವನು ಇವನೊಬ್ಬನೇ, ಅದೂ ಎರಡು ವರ್ಷದಿಂದ ಸತ್ತವನೊಡನೆ ಮಾತು ಬಿಟ್ಟವನು. ಬರಿಗೈಲಿ ಬರಲು ಮನಸ್ಸಾಗದೆ, ತನ್ನ ಹತ್ತಿರ ಇದ್ದುದರಲ್ಲಿ ಒಳ್ಳೆಯದನ್ನೇ ತಂದಿದ್ದ.

ಪಕ್ಕದಲ್ಲಿ ಕುಳಿತಿದ್ದ ಅಂಬಾರಾಯನ ಹೆಂಡತಿ ಶಿವಕಾಂತಾ ಕಣ್ಣೊರೆಸಿಕೊಂಡು ಕೋಟನ್ನೇ ನೋಡಿದಳು.

"ಇದು ಯಾರದು, ತಮ್ಮಾ?"

"ನಂದೇ ವೈನಿ. ಹೋದ ವಾರ ಬಂತು. ಅಣ್ಣನ ಸಂಗಡ ಹೋಗ್ಲಿ."

*

ಎರಡು ವರ್ಷದ ಹಿಂದೆ, ಸರಬರಾಜು ನಿಂತು ಹೊಸ ಕೋಟುಗಳೇ ಸಿಗದ ಕಾಲ. ಹಳೆಯವನ್ನು ನೋಡಿ ತೊಡಬಹುದೋ ಬಾರದೋ ಎಂದು ಹೇಳುವ ಕೆಲಸ ಠಾಣೆಯ ಉಗ್ರಾಣ ನೋಡುತ್ತಿದ್ದ ಅಂಬಾರಾಯನದು. ಬೆಂಕಿ ತಾಳುವ ಕೋಟಿಗೆ ಒಂದು ಮಟ್ಟ ಅಂತ ಇದೆ. ಕೊರತೆ ಅಲ್ಲವೇ, ಒಂದಿಷ್ಟು ಇಳಿಸಿಕೋ ಎಂದು ಮೇಲಿನವರು ಮೆಲ್ಲಗೆ ಹೇಳಿದರು. ಪುಣ್ಯಾತ್ಮ ಕೇಳಬೇಕಲ್ಲ! ಕೋಟಿನ ಒಳ ಅಸ್ತರನ್ನು ಬಿಸಿಲಿಗೆ ಹಿಡಿಯುತ್ತಿದ್ದ. ಬೆಳಕು ತೂರಿತೋ, ಬಲತೋಳಿನ ತುದಿಗೆ ಕಚಕ್ಕನೆ ಕತ್ತರಿ. ಹಾಗೇ ಬಿಟ್ಟರೆ ಆ ಕೋಟು ಹಿಂಬಾಗಿಲಿಂದ ಮತ್ತೆ ಯಾರದೋ ಮೈ ಏರುತ್ತದೆಂದು ಅವನಿಗೆ ಗೊತ್ತಿತ್ತು. ಕೋಟಿಲ್ಲದವನು ಹೊರಗೆ ನಿಂತೇ ನೀರು ಹೊಡೆಯಬೇಕು.

ಮೊದಲ ಕತ್ತರಿ ಬಿದ್ದದ್ದು ಧರ್ಮರಾಜನ ಕೋಟಿಗೆ. ನಮ್ಮ ಊರ ಕಡೆಯವನು, ಅಣ್ಣಾ ಎನ್ನುವವನು ಎಂದೇನೂ ನೋಡಲಿಲ್ಲ. ವಾಕಡದ ಗೋದಾಮಿಗೆ ಬೆಂಕಿ ಬಿದ್ದಾಗ ಜೊತೆಗಾರರೆಲ್ಲ ಒಳಗೆ ನುಗ್ಗಿದರು, ಇವನು ಪಂಪಿನ ಹತ್ತಿರ ನಿಂತ. ಠಾಣೆಯಲ್ಲಿ ಇವನಿಗೆ 'ನಳದ ಧರ್ಮಣ್ಣ' ಎಂಬ ಹೆಸರೇ ಬಿತ್ತು. ಸಿಟ್ಟಿಗೆ ಮೈಯೆಲ್ಲ ಉರಿದು ಧರ್ಮರಾಜ ಅಂಬಾರಾಯನ ಮುಖ ನೋಡುವುದನ್ನೇ ಬಿಟ್ಟ.

*

"ಹಂಗಾದ್ರ ನಾಳಿ ಬೆಂಕಿ ಬಿದ್ರ ನೀ ಏನು ತೊಡ್ತಿ?" ಶಿವಕಾಂತಾ ಕೇಳಿದಳು.

ಧರ್ಮರಾಜ ನೆಲ ನೋಡಿದ. ಹಳೆಯದು ಅದ ಅಂದ. ಅಂಬಾರಾಯ ಕತ್ತರಿಸಿ ಎಸೆದಿದ್ದ ಅದನ್ನು ರದ್ದಿಯ ರಾಶಿಯಿಂದ ಎತ್ತಿಕೊಂಡು ಹೋಗಿ ತೋಳಿಗೆ ಹೊಲಿಗೆ ಹಾಕಿಸಿ ಇಟ್ಟಿದ್ದನಂತೆ. ಈಗಲೂ ಹೊರಗೆ ಗಾಡಿಯಲ್ಲೇ ಇದೆಯಂತೆ.

ತಗೊಂಡು ಬಾ ಎಂದವಳೇ ಶಿವಕಾಂತಾ ಎದ್ದು, ಗಂಡನ ಹೆಗಲಿಂದ ಹೊಸ ಕೋಟು ತೆಗೆದಳು. ಕ್ರಿಯೆ ಮಾಡಿಸಲು ಬಂದಿದ್ದ ಮಠಪತಿ ಅಜ್ಜ ಕೈ ಅಡ್ಡ ಮಾಡಿದರು. ಹೆಣಕ್ಕೆ ಹೊದಿಸಿದ್ದನ್ನು ಬದುಕಿದವರು ತೊಡುವುದುಂಟೇ ಎಂದು ಸಿಡುಕಿದರು.

"ನೀವು ಹೇಳೂದು ಖರೆ ಅದರಿ ಅಜ್ಜಾ. ಆದ್ರ ಚಲೋ ಕೋಟು ಮಣ್ಣಿಗಿ ಹೋಗಿ ಕೆಟ್ಟದ್ದು ಇವನ ಮೈಮ್ಯಾಲ ಉಳದ್ರ, ಇವ್ರಿಗಿ ಅಲ್ಲೂ ನಿದ್ದಿ ಹತ್ತಂಗಿಲ್ರಿ."

ಅಜ್ಜ ಅಂಬಾರಾಯನ ಮುಖ ನೋಡಿದರು. ಆಮೇಲೆ ಮೂರು ಬೆರಳಲ್ಲಿ ವಿಭೂತಿ ತೆಗೆದು ಹೊಸ ಕೋಟಿನ ಎದೆಗೆ ಎಳೆದು, ಈಗ ತೊಡಲಿ ಎಂದರು.

ಧರ್ಮರಾಜ ಹಳೆಯ ಕೋಟು ತಂದ. ಶಿವಕಾಂತಾ ಗಂಡನ ಕೆಲಸದ ಚೀಲದಿಂದ ಕತ್ತರಿ ತೆಗೆದು ತೋಳಿನ ಹೊಲಿಗೆಯನ್ನು ಬಿಚ್ಚುತ್ತ ಹೋದಳು. ಅದನ್ನು ನೋಡುತ್ತ ನಿಂತ ಧರ್ಮರಾಜನಿಗೆ ದುಃಖ ತಡೆಯಲಾಗಲಿಲ್ಲ. ಅಣ್ಣಾ ಎಂದು ಅಂಬಾರಾಯನ ಕಾಲು ಹಿಡಿದು ಅತ್ತುಬಿಟ್ಟ.

ಮಧ್ಯಾಹ್ನ ಬಿದಿರಲ್ಲಿ ಕಟ್ಟಿದ ಶವದ ವಿಮಾನ ಎದ್ದಿತು. ಒಳಗೆ ಕುಳಿತ ಅಂಬಾರಾಯನ ಹೆಗಲ ಮೇಲೆ ಹಳೆಯ ಕೋಟು, ಅದರ ಬಲತೋಳು ಬಾಯಿಬಿಟ್ಟಿತ್ತು. ಮುಂದೆ ಹೆಗಲು ಕೊಟ್ಟ ಧರ್ಮರಾಜ ಆ ಸುಡುಬಿಸಿಲಲ್ಲೂ ಹೊಸ ಕೋಟಿನ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡಿದ್ದ.