ಜೋಗುಳದ ಕಾಲು

ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಸದ್ದು ಮಾಡುವಂತಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಬೆಳಗ್ಗೆ ಬಂದು, ಮಕ್ಕಳಿಗೆ ಉಣ್ಣಲು ಮಾಡಿಟ್ಟು, ಪರದೆ ಎಳೆದು ಮಲಗಿದಳೆಂದರೆ ಮನೆಯೇ ಉಸಿರು ಬಿಗಿಹಿಡಿಯಬೇಕು. ಪಾತ್ರೆ ಇಡುವಾಗ ಕೆಳಗೆ ಬಟ್ಟೆ ಹಾಸಬೇಕು. ಕೆಮ್ಮು ಬಂದರೆ ಬಚ್ಚಲಿಗೆ ಓಡಬೇಕು.

ಶಾಲೆಯಿಲ್ಲದ ದಿನ ಅಣ್ಣ ತಂಗಿಗೆ ಆಡಲು ಇದ್ದದ್ದು ಉದ್ದನೆಯ ಕಾರಿಡಾರು ಒಂದೇ. ಅದರ ಈ ತುದಿಗೆ ಅಡುಗೆಮನೆ, ಆ ತುದಿಗೆ ಅಮ್ಮ ಮಲಗುವ ಕೋಣೆಯ ಬಾಗಿಲು. ಅಣ್ಣ ಅಡುಗೆಮನೆ ಕಡೆಯಿಂದ ಚೆಂಡು ಒದೆಯುತ್ತಿದ್ದ. ಅಷ್ಟು ದೂರದ ಸದ್ದು ಅಮ್ಮನಿಗೆ ಕೇಳಿಸದು ಎಂದು ಅವರ ಲೆಕ್ಕ. ಬಾಗಿಲ ಮುಂದೆ ನಿಂತ ತಂಗಿ ಅದನ್ನು ತಡೆಯಬೇಕು. ಬಾಗಿಲಿಗೆ ಬಡಿಯಿತೋ, ಇಬ್ಬರ ಕಿವಿಯೂ ಕೆಂಪಾಗುತ್ತಿತ್ತು. ಕಾಲಿಗೆ ಬಡಿದರೂ ಸದ್ದೇ. ಹಾಗಾಗಿ ಅವಳು ಬರುವ ಚೆಂಡಿನ ಜೊತೆಗೇ ಕಾಲನ್ನು ಹಿಂದಕ್ಕೆ ಬಿಟ್ಟುಕೊಂಡು, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಇಳಿಸುವಂತೆ ಅದನ್ನು ನೆಲಕ್ಕೆ ಇಳಿಸುವುದನ್ನು ಕಲಿತಳು. ಯಾರೂ ಹೇಳಿಕೊಟ್ಟದ್ದಲ್ಲ. ಅಮ್ಮನ ನಿದ್ದೆಯ ಭಯ ಕಲಿಸಿದ್ದು.

ದೊಡ್ಡವಳಾಗಿ ಫುಟ್‌ಬಾಲ್ ಕ್ಲಬ್ಬು ಸೇರಿದ ಮೊದಲ ವಾರವೇ ತಂಡದ ಹಿರಿಯ ಡಿಫೆಂಡರ್ ಅವಳ ಆಟ ನೋಡಿ, "ಇವಳ ಕಾಲಿಗೆ ಬಂದ ಚೆಂಡು ಗೊರಕೆ ಹೊಡಿಯುತ್ತೆ ಕಣ್ರೇ" ಅಂದಳು. ಅಂದಿನಿಂದ ಅವಳು ಎಲ್ಲರಿಗೂ ಜೋಗುಳ. ಎಷ್ಟೇ ಎತ್ತರದಿಂದ, ಎಷ್ಟೇ ರಭಸದಿಂದ ಬಂದ ಚೆಂಡೂ ಅವಳ ಪಾದದ ಬಳಿ ಬಂದು ತೆಪ್ಪಗೆ ಮಲಗುತ್ತಿತ್ತು. ಆ ಹೆಸರು ಹೊತ್ತೇ ಅವಳು ದೇಶದ ತಂಡಕ್ಕೆ ಆಡಿದಳು, ಕಪ್ಪು ಎತ್ತಿದಳು. ಅಣ್ಣ ಎಲ್ಲ ಆಟಕ್ಕೂ ಬರುತ್ತಿದ್ದ. ಅಮ್ಮ ಮಾತ್ರ ಒಂದಕ್ಕೂ ಬರಲಿಲ್ಲ. ಆಟ ನಡೆಯುವುದು ಹಗಲಲ್ಲಿ, ಅಮ್ಮನಿಗೆ ಹಗಲೆಂದರೆ ನಿದ್ದೆ. ನಿವೃತ್ತಿಯಾದ ಮೇಲೂ ಮೈಗೆ ಹತ್ತಿದ ಪಾಳಿ ಬಿಡಲಿಲ್ಲ. ಫೋನು ಮಾಡಿದರೆ ಕಾಲು ಹೇಗಿದೆ ಎಂದು ಕೇಳುತ್ತಿದ್ದಳು. ಚೆನ್ನಾಗಿದೆ ಎಂದರೆ ಆ ಕಡೆ ಒಂದಷ್ಟು ಹೊತ್ತು ಮೌನ. ಆ ಮೌನದಲ್ಲಿ ಏನಿದೆಯೆಂದು ಮಗಳು ಕೇಳಿರಲಿಲ್ಲ. ಕೇಳಿ ಅಭ್ಯಾಸವಿರಲಿಲ್ಲ.

ಆಮೇಲೆ ಮಂಡಿ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಮುಗಿಸಿ ವಾಪಸಾಗುವ ಹೊತ್ತಿಗೆ ಕ್ಲಬ್ಬಿಗೆ ಹೊಸ ಕೋಚ್ ಬಂದಿದ್ದಳು. ಜೋಗುಳಕ್ಕಿಂತ ವಯಸ್ಸಿನಲ್ಲಿ ಚಿಕ್ಕವಳು. ಬಾಯ್ತುಂಬ "ನೀವು" ಎನ್ನುತ್ತಲೇ ಬೆಂಚಿನ ಮೇಲೆ ಕೂರಿಸುವವಳು. ಅವಳ ಆಟದಲ್ಲಿ ಚೆಂಡು ನಿಲ್ಲುವಂತಿಲ್ಲ. ಬಂದದ್ದನ್ನು ಬಂದ ಹಾಗೇ ಒದೆಯಬೇಕು, ಗೋಲಿನ ಮುಂದಂತೂ ಕಣ್ಣು ಮಿಟುಕಿಸುವಂತಿಲ್ಲ. ಹುಡುಗಿಯರು ಹಾಗೆ ಆಡಿಯೇ ಗೆಲ್ಲುತ್ತ ಬಂದಿದ್ದರು.

ಜೋಗುಳ ಪ್ರಯತ್ನಿಸದೆ ಇರಲಿಲ್ಲ. ಅಭ್ಯಾಸದಲ್ಲಿ ನಿಲ್ಲಿಸದೆ ಒದ್ದ ಚೆಂಡು ಬೇಲಿ ಹಾರಿ ಪಾರ್ಕಿಂಗಿಗೆ ಬಿತ್ತು. ಮೈದಾನದ ಅಂಚಿನಲ್ಲಿ ಆಡುವ ಮಿಂಚು ಎಂಬ ಹುಡುಗಿ, "ಅಕ್ಕಾ, ಅದು ಕೋಚ್ ಕಾರು" ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಸೆಮಿಫೈನಲ್ಲಿನಲ್ಲಿ ನಗುವಂಥದ್ದೇನೂ ಆಗಲಿಲ್ಲ. ಖಾಲಿ ಗೋಲಿನ ಮುಂದೆ ಬಂದ ಚೆಂಡನ್ನು ಸುಮ್ಮನೆ ತಳ್ಳಿದ್ದರೆ ಸಾಕಿತ್ತು. ಕಾಲು ಅವಳ ಮಾತು ಕೇಳದೆ ಅದನ್ನು ಮಲಗಿಸಿತು. ಹಿಂದಿನಿಂದ ಬಂದವಳು ಕದ್ದೊಯ್ದಳು. ತಂಡ ಹೇಗೋ ಪೆನಾಲ್ಟಿಯಲ್ಲಿ ಪಾರಾಯಿತು.

ಮರುದಿನ ಕೋಚ್ ಅವಳನ್ನು ಕರೆದು ಕೂರಿಸಿಕೊಂಡಳು. ಕ್ಲಬ್ಬಿನೊಂದಿಗಿನ ಒಪ್ಪಂದ ಫೈನಲ್ಲಿಗೆ ಮುಗಿಯುತ್ತದೆ, ಮುಂದುವರಿಸುವುದು ತನಗೆ ಬಿಟ್ಟದ್ದು ಎಂದಳು. ಆಮೇಲೆ, "ನಿಮ್ಮ ಕಾಲು ಚೆಂಡನ್ನ ಮಲಗಿಸುತ್ತೆ. ನನಗೆ ಎಬ್ಬಿಸೋರು ಬೇಕು. ಫೈನಲ್ಲಲ್ಲಿ ಸ್ವಲ್ಪ ಹೊತ್ತು ಇಳಿಸ್ತೀನಿ, ನೋಡೋಣ" ಎಂದಳು.

ಬೇರೆ ಕ್ಲಬ್ಬಿನವರು ಆ ಮಂಡಿಯನ್ನು ಕೊಳ್ಳುವವರಲ್ಲ. ಕೋಚ್ ಹೂಂ ಎಂದರೆ ಆಟಗಾರ್ತಿ, ಊಹೂಂ ಎಂದರೆ ಒಂದಾನೊಂದು ಕಾಲದ ಆಟಗಾರ್ತಿ. ಅಂದು ಫೋನಿನಲ್ಲಿ ಕಾಲು ಹೇಗಿದೆ ಎಂದು ಅಮ್ಮ ಕೇಳಿದಾಗ ಅವಳ ಬಾಯಿಂದ ಚೆನ್ನಾಗಿದೆ ಎಂಬ ಮಾತು ಹೊರಡಲಿಲ್ಲ. ಈ ಸಲದ ಮೌನ ಅವಳದು. ಅದನ್ನು ಅಮ್ಮ ಪೂರ್ತಿ ಕೇಳಿಸಿಕೊಂಡು, ತಾನು ಅಣ್ಣನ ಜೊತೆ ಬರುತ್ತೇನೆ ಎಂದಳು.

ಫೈನಲ್ಲು ಒಂದೊಂದು ಗೋಲಿನ ಸಮಕ್ಕೆ ಬಂದು ಅಲ್ಲೇ ಹೂತುಹೋಗಿತ್ತು. ಎದುರಾಳಿಗಳು ಕೋಚ್‌ನ ಆಟವನ್ನು ಅರೆದು ಕುಡಿದಿದ್ದರು. ಇವರು ನಿಲ್ಲಿಸುವುದಿಲ್ಲ, ಬಂದದ್ದನ್ನು ಹಾಗೇ ಒದೆಯುತ್ತಾರೆ ಎಂದು ಗೊತ್ತಿದ್ದ ಅವರು ಚೆಂಡು ಬರುವ ಮೊದಲೇ ಮೈ ಚೆಲ್ಲಿ ಅಡ್ಡ ಬೀಳುತ್ತಿದ್ದರು. ಹೊಡೆದದ್ದೆಲ್ಲ ಯಾರದೋ ಬೆನ್ನಿಗೆ, ಯಾರದೋ ತೊಡೆಗೆ. ಆಟ ಮುಗಿಯುತ್ತ ಬಂದಾಗ ಕೋಚ್ ಬೆಂಚಿನ ಕಡೆ ತಿರುಗಿ ಕಣ್ಸನ್ನೆ ಮಾಡಿದಳು.

ಇಳಿಯುವಾಗ ಜೋಗುಳ ಮೇಲೆ ನೋಡಿದಳು. ಅಣ್ಣನ ಪಕ್ಕದಲ್ಲಿ, ಎದ್ದು ಕೂಗುವ ಜನರ ನಡುವೆ, ಅಮ್ಮ ಕೈಚೀಲ ಮಡಿಲಲ್ಲಿಟ್ಟುಕೊಂಡು, ಆಸ್ಪತ್ರೆಯ ಕಾಯುವ ಬೆಂಚಿನಲ್ಲಿ ಕೂತವರಂತೆ ಕೂತಿದ್ದಳು.

ಮಿಂಚು ಅಂಚಿನಲ್ಲಿ ಇಬ್ಬರನ್ನು ದಾಟಿ ಚೆಂಡನ್ನು ಗೋಲಿನ ಮುಂದಕ್ಕೆ ತೂರಿದಳು. ಅದು ಗಾಳಿಯಲ್ಲಿ ತಿರುಗುತ್ತ ಜೋಗುಳದ ಕಡೆ ಬಂತು. ಒದಿ ಎಂದು ಬೆಂಚೆಲ್ಲ ಕೂಗಿತು. ಒದೆಯಬೇಕೆಂದೇ ಅವಳೂ ಕಾಲೆತ್ತಿದಳು. ಅದನ್ನು ನೋಡಿ ಇಬ್ಬರು ಡಿಫೆಂಡರುಗಳು ಅಡ್ಡ ಬಿದ್ದರು, ಗೋಲ್‌ಕೀಪರ್ ಒಂದು ಮಗ್ಗುಲಿಗೆ ಹಾರಿದಳು. ಆದರೆ ಕಾಲು ಕಾರಿಡಾರಿನ ಕಾಲು. ಬಂದ ಚೆಂಡಿನ ಜೊತೆ ಹಿಂದಕ್ಕೆ ಸರಿದು ಅದನ್ನು ಹುಲ್ಲಿನ ಮೇಲೆ ಮಲಗಿಸಿತು.

ಅಷ್ಟು ದೊಡ್ಡ ಮೈದಾನದಲ್ಲಿ ಒಂದು ಗಳಿಗೆ ಯಾರೂ ಪಿಟ್ಟೆನ್ನಲಿಲ್ಲ. ಮೂರು ಜನ ನೆಲದಲ್ಲಿದ್ದರು, ಚೆಂಡು ನಿದ್ದೆಯಲ್ಲಿತ್ತು, ನಿಂತವಳು ಅವಳೊಬ್ಬಳೇ. ಅವಳು ಅದನ್ನು ಮೆಲ್ಲಗೆ, ಬಾಗಿಲು ಮುಚ್ಚುವಷ್ಟೇ ಮೆಲ್ಲಗೆ, ಗೋಲಿನೊಳಕ್ಕೆ ನೂಕಿದಳು.

ಆಮೇಲಿನ ಸದ್ದನ್ನು ಹೇಳಿ ಪ್ರಯೋಜನವಿಲ್ಲ. ಮಿಂಚು ಅವಳ ಕುತ್ತಿಗೆಗೆ ಜೋತುಬಿದ್ದಳು, ಉಳಿದವರು ಇಬ್ಬರ ಮೇಲೂ ಬಿದ್ದರು. ಕಪ್ಪು ಕೈಯಿಂದ ಕೈಗೆ ಹೋಗುತ್ತಿದ್ದಾಗ ಕೋಚ್ ಬಂದು, "ನಾನು ಹೇಳಿದ್ದನ್ನ ನೀವು ಕೊನೆಗೂ ಕೇಳ್ಲಿಲ್ಲ" ಅಂದಳು.

"ನಾನು ಕೇಳಿದೆ ಮೇಡಂ. ಕಾಲು ಕೇಳ್ಲಿಲ್ಲ."

ಕೋಚ್ ನಗು ತಡೆಯಲಾರದೆ ಹೋದಳು. "ಮುಂದಿನ ವರ್ಷ ಈ ಹುಡುಗೀರಿಗೂ ಮಲಗಿಸೋದನ್ನ ಕಲಿಸಿ. ಆಡ್ತಾ ಆಡ್ತಾನೇ ಕಲಿಸಿ."

ಅಮ್ಮನನ್ನೂ ತಂಡದ ಬಸ್ಸಿಗೇ ಹತ್ತಿಸಿಕೊಂಡರು. ಮಗಳ ಪಕ್ಕದ ಸೀಟಿನಲ್ಲಿ ಕೂತು ಅಮ್ಮ ಮೊದಲು ಅವಳ ಮಂಡಿ ಮುಟ್ಟಿ ನೋಡಿದಳು, ನರ್ಸಿನ ಕೈಯಲ್ಲಿ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದಳು:

"ನಾನು ಮಲಗಿರ್ತಿದ್ದೆ ಅಂದ್ಕೊಂಡಿದ್ರಾ ನೀವಿಬ್ರೂ? ನಿಮ್ಮಣ್ಣ ಒದ್ದದ್ದು ಧಡ್ ಅಂತ ಕೇಳೋದು. ಬಾಗಿಲಿಗೆ ಬೀಳುತ್ತೆ ಅಂತ ಕಾಯ್ತಿದ್ದೆ. ಏನೂ ಕೇಳಿಸ್ತಿರ್ಲಿಲ್ಲ. ಹಿಡಿದ್ಲು ನನ್ನ ಮಗಳು ಅಂತ ಅಂದ್ಕೊಂಡು ಆಮೇಲೆ ನಿದ್ದೆ ಮಾಡ್ತಿದ್ದೆ." ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಸೇರಿಸಿದಳು, "ಇವತ್ತೂ ಹಾಗೇ ಆಯ್ತು. ಎಲ್ಲರೂ ಸುಮ್ಮನಾದ್ರಲ್ಲ, ಆಗ್ಲೇ ಗೊತ್ತಾಯ್ತು."

 ಬಸ್ಸಿನ ಹಿಂದೆ ಹುಡುಗಿಯರು ಸೀಟು ಬಡಿದು ಹಾಡುತ್ತಿದ್ದರು, ಕಪ್ಪಿಗೆ ಬಾಟಲಿ ಕುಟ್ಟಿ ತಾಳ ಹಾಕುತ್ತಿದ್ದರು. ಹಗಲಿನ್ನೂ ಇತ್ತು. ಅಮ್ಮನ ತಲೆ ಮೆಲ್ಲಗೆ ವಾಲಿ ಅವಳ ಭುಜಕ್ಕೆ ಬಂತು. ಮಿಂಚು ಅದನ್ನು ಕಂಡು, ಗದ್ದಲ ನಿಲ್ಲಿಸಲೇ ಎಂದು ಸನ್ನೆಯಲ್ಲಿ ಕೇಳಿದಳು.

ಬೇಡ ಎಂದು ಜೋಗುಳ ತಲೆಯಾಡಿಸಿ, ಇನ್ನೂ ಜೋರಾಗಿ ಎಂದು ಕೈ ಮಾಡಿದಳು.