ಬೆನ್ನು ಹಾಕಿ ಹೇಳಿದ ಮಾತು

"ಸ್ವಲ್ಪ ತಲೆ ಬಗ್ಗಿಸು ಪುಟ್ಟೀ, ಹಿಂದಿನ ಬೆಂಚಿನವರಿಗೂ ಕಾಣ್ಲಿ" ಎಂದು ತಾಯಿ ಮಗಳ ಕೂದಲನ್ನು ಎತ್ತಿ ಹಿಡಿದಳು.

ಬಲಗಿವಿಯ ಮೇಲ್ಗಡೆ, ಕೂದಲಿನ ಮರೆಯಲ್ಲಿ, ಕೋಟಿನ ಗುಂಡಿಯಷ್ಟು ಅಗಲದ ಕಪ್ಪು ಬಿಲ್ಲೆಯೊಂದು ತಲೆಗೆ ಅಂಟಿಕೊಂಡಿತ್ತು. ಅದರಿಂದ ಹೊರಟ ಸಣ್ಣ ತಂತಿ ಕಿವಿಯ ಹಿಂದೆ ಕೂತ ಯಂತ್ರಕ್ಕೆ ಸೇರಿತ್ತು. ಸಂಜೆ ಕಾಲೇಜಿನ ಆ ತರಗತಿಯಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಒಬ್ಬ ಮೊಬೈಲು ಎತ್ತಿದವನು ಮೇಷ್ಟ್ರು ಕಣ್ಣು ಬಿಟ್ಟಿದ್ದಕ್ಕೆ ಇಳಿಸಿದ.

"ಇದರೊಳಗೆ ಅಯಸ್ಕಾಂತ ಇದೆ. ಇದರ ಜೋಡಿ ಚರ್ಮದ ಕೆಳಗೆ, ತಲೆಬುರುಡೆ ಮೇಲೆ ಕೂತಿದೆ. ಹೊರಗಿನ ಸದ್ದು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ನೇರ ನರಕ್ಕೆ ಹೋಗುತ್ತೆ. ನಾವೆಲ್ಲ ಕಥೆಯಲ್ಲಿ ಓದಿದ್ದೀವಲ್ಲ, ಅರ್ಧ ಮನುಷ್ಯ ಅರ್ಧ ಯಂತ್ರ ಅಂತ? ಅದು ದಿನಾ ಬೆಳಿಗ್ಗೆ ನಮ್ಮನೇಲಿ ಬಾತ್‌ರೂಮಿಗೆ ನನ್ನ ಜೊತೆ ಜಗಳ ಆಡುತ್ತೆ."

ಎಲ್ಲರೂ ನಕ್ಕರು. ಹುಡುಗಿ ನೆಲ ನೋಡುತ್ತಿದ್ದಳು. ಹದಿನೈದರ ವಯಸ್ಸಿಗೆ ತಾಯಿಯ ಜೊತೆ ರಸ್ತೆಯಲ್ಲಿ ನಡೆಯುವುದೇ ಒಂದು ಸಂಕಟ. ಇಲ್ಲಿ ತಾಯಿ ಅವಳ ತಲೆಯನ್ನು ಅಂಗಡಿಯ ಕುಂಬಳಕಾಯಿಯ ಹಾಗೆ ಅತ್ತ ಇತ್ತ ತಿರುಗಿಸಿ ತೋರಿಸುತ್ತಿದ್ದಳು.

ತರಗತಿಯ ಹುಡುಗರು ಈ ತಾಯಿಗೆ ಪ್ಲಾಟ್‌ಫಾರ್ಮ್ ಅಕ್ಕ ಎಂದು ಹೆಸರಿಟ್ಟಿದ್ದರು. ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವ ಕೆಲಸ ಅವಳದು. ಪ್ಲಾಟ್‌ಫಾರ್ಮಿನ ಮೇಲೆ, ಗೂಡಿನಂಥ ಗಾಜಿನ ಕೋಣೆಯಲ್ಲಿ ಕೂತು, ಯಾವ ರೈಲು ಎಲ್ಲಿಗೆ, ಎಷ್ಟು ತಡ ಎಂದು ಮೈಕಿನಲ್ಲಿ ಹೇಳುವುದು. ಅವಳು ಬಾಯಿ ತೆರೆದರೆ ಸಾವಿರ ಜನ ಗೋಣೆತ್ತಿ ಧ್ವನಿವರ್ಧಕದ ಕಡೆ ನೋಡುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಗಾಜಿನ ಕೋಣೆಯ ಕಡೆ ನೋಡಿದವರು ಇಲ್ಲವೇ ಇಲ್ಲ ಎನ್ನಬಹುದು. ಈಗೀಗ ಅರ್ಧ ರೈಲುಗಳನ್ನು ಯಂತ್ರವೇ ಕೂಗುತ್ತಿತ್ತು. ಪದವಿ ಇದ್ದರೆ ವಿಚಾರಣೆ ಕೌಂಟರಿಗಾದರೂ ಹಾಕಬಹುದು ಎಂದು ಮೇಲಿನವರು ಹೇಳಿದ ಮೇಲೆ ಅಕ್ಕ ನಲವತ್ತು ದಾಟಿದ ವಯಸ್ಸಿನಲ್ಲಿ ಚೀಲಕ್ಕೆ ಪುಸ್ತಕ ತುಂಬಿಕೊಂಡಳು.

ಸೈಬರ್‌ಪಂಕ್ ಅವಳು ಆರಿಸಿದ್ದಲ್ಲ, ಅವಳ ಪಾಳಿಗೆ ಹೊಂದುವ ಸಮಯದಲ್ಲಿ ಉಳಿದಿದ್ದ ಒಂದೇ ಪಾಠ ಅದು. ಕಂಪ್ಯೂಟರ್ ರಿಪೇರಿ ಇರಬೇಕು, ಕಲಿತರೆ ನಷ್ಟವಿಲ್ಲ ಎಂದುಕೊಂಡು ಹೋದವಳಿಗೆ ಮೇಷ್ಟ್ರು ಕಥೆಪುಸ್ತಕ ಕೊಟ್ಟರು. "ಇಲ್ಲಿ ಯಂತ್ರಗಳು ಮುಗಿಲು ಮುಟ್ಟಿರುತ್ತವೆ. ಮನುಷ್ಯನ ಬದುಕು ಮಾತ್ರ ಮೋರಿ ಪಕ್ಕದಲ್ಲೇ ಇರುತ್ತೆ" ಎಂದು ವಿವರಿಸಿದರು. ಉಕ್ಕಿನ ಕೈ, ಗಾಜಿನ ಕಣ್ಣು, ಮಿದುಳಿಗೆ ನೆಟ್ಟ ತಂತಿ ಎಂದೆಲ್ಲ ಓದಿ ಹುಡುಗರು ಅಬ್ಬಾ ಎಂದು ಬಾಯಿ ಬಿಟ್ಟಾಗ ಅಕ್ಕ ಕೈ ಎತ್ತಿದ್ದಳು. "ಸಾರ್, ಇದ್ರಲ್ಲಿ ಅಬ್ಬಾ ಅನ್ನೋದೇನಿದೆ? ನಮ್ಮನೇಲಿ ಒಬ್ಬಳಿದ್ದಾಳೆ."

ಆ ದಿನದಿಂದ ಅವಳ ನಸೀಬು ತೆರೆಯಿತು. ಮೂರು ವರ್ಷಕ್ಕೆ ಜ್ವರ ಬಂದು ಮಗಳ ಕಿವಿ ಹೋದದ್ದು, ಆರು ತುಂಬುವಾಗ ಆಪರೇಷನ್ ಆಗಿದ್ದು, ಬಿಲ್ಲೆ ಅಂಟಿಸಿದ ಮೊದಲ ದಿನ ಮಗು ತನ್ನ ಚಪ್ಪಲಿಯ ಸದ್ದಿಗೇ ಬೆಚ್ಚಿಬಿದ್ದು ಅತ್ತದ್ದು, ಇದನ್ನೆಲ್ಲ ಅವಳು ಲೇಖನ ಮಾಡಿ ಬರೆದುಕೊಟ್ಟಳು. ದಿನವೂ ಸಂಜೆ ಅಡುಗೆ ಮಾಡುತ್ತ ತಾನು ಪಾಠದ ಕಥೆಗಳನ್ನು ಗಟ್ಟಿಯಾಗಿ ಹೇಳುವುದನ್ನೂ, ಮಗಳು ಬೆನ್ನ ಹಿಂದೆ ಊಟದ ಮೇಜಿನಲ್ಲಿ ಕೂತು ಹೂಂ ಹೂಂ ಎಂದು ಕೇಳುವುದನ್ನೂ ಬರೆದಳು.

ಮೇಷ್ಟ್ರಿಗೆ ತುಂಬ ಹಿಡಿಸಿದ್ದು ಕೊನೆಯ ಭಾಗ. ಅಕ್ಕನ ಗಂಡ ಸರಕು ಹಡಗಿನ ಮೆಕ್ಯಾನಿಕ್ಕು, ವರ್ಷಕ್ಕೆ ಎರಡು ಸಲ ಮನೆ ಮುಖ ನೋಡುವವನು. ಕಳೆದ ಚಳಿಗಾಲದಲ್ಲಿ ಬಂದರಿನ ಊರೊಂದರಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿಕೊಂಡಿದ್ದೇನೆ, ಇನ್ನು ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿ ಕೈ ತೊಳೆದುಕೊಂಡಿದ್ದ. ನಾಲ್ಕು ದಿನ ನುಂಗಿಕೊಂಡಿದ್ದ ಅಕ್ಕ ಐದನೆಯ ದಿನ ಪಾತ್ರೆ ತೊಳೆಯುತ್ತ ಮಗಳಿಗೆ ಹೇಳಿದ್ದಳು. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಬೆನ್ನು ಹಾಕಿ, ಬಾಣಲೆ ಉಜ್ಜುತ್ತ, ನಡುನಡುವೆ ಕೈ ನಿಲ್ಲಿಸಿ ಹೇಳಿದ್ದಳು.

"ಅಪ್ಪ ಇನ್ನು ನಮ್ಮನೆಗೆ ಬರಲ್ಲ ಪುಟ್ಟಿ. ಅಲ್ಲೇ ಬೇರೆ ಮನೆ ಮಾಡ್ಕೊಂಡಿದ್ದಾರೆ."

"ಹೂಂ."

"ನೀನು ಬೇಜಾರು ಮಾಡ್ಕೋಬೇಡ. ನಾನಿದ್ದೀನಿ."

"ಆಯ್ತಮ್ಮ."

ಅಷ್ಟೇ. ಆಮೇಲೆ ಹುಡುಗಿ ತಟ್ಟೆ ತಂದಿಟ್ಟು, ನಾಳೆಗೆ ಆಟದ ಬಟ್ಟೆ ಒಗೆದಿದೆಯಾ ಎಂದು ಕೇಳಿ ಹೋಗಿದ್ದಳು. ಅತ್ತಿರಲಿಲ್ಲ, ಮತ್ತೆ ಆ ಮಾತು ಎತ್ತಿರಲೂ ಇಲ್ಲ. ಎಂಥ ಗಟ್ಟಿ ಜೀವ, ಯಂತ್ರದ ಉಕ್ಕು ಇವಳ ಎದೆಗೂ ಇಳಿದಿರಬೇಕು ಎಂದು ಅಕ್ಕ ಬರೆದಿದ್ದಳು. ಬರೆಯುವಾಗ ಹೆಮ್ಮೆಯೇ ಇತ್ತು. ಅಷ್ಟು ದೊಡ್ಡ ಸುದ್ದಿಗೆ ಬರೀ ಹೂಂ ಅಂದಳಲ್ಲ ಎಂಬ ನೋವೂ ಇತ್ತು, ಅದನ್ನು ಬರೆಯಲಿಲ್ಲ.

"ಕೊನೆ ಕ್ಲಾಸಿಗೆ ಮಗಳನ್ನ ಕರ್ಕೊಂಡ್ ಬನ್ನಿ" ಎಂದು ಮೇಷ್ಟ್ರು ಕೇಳಿದರು. ಅಕ್ಕ ಹಿಂದೆ ಮುಂದೆ ನೋಡದೆ ಒಪ್ಪಿದಳು. ಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತ ಮಗಳಿಗೆ ಹೇಳಿದಳು, ಮಗಳು ಹೂಂ ಎಂದಳು. ಆದರೆ ಇವತ್ತು ಸಂಜೆ ಹೊರಡುವಾಗ ಹುಡುಗಿ "ಎಲ್ಲಿಗೆ?" ಎಂದು ಕೇಳಿದ್ದು ಅಕ್ಕನಿಗೆ ವಿಚಿತ್ರವಾಗಿತ್ತು. "ಹೇಳಿದ್ನಲ್ಲೇ, ತಲೆ ಎಲ್ಲಿಟ್ಟಿರ್ತೀಯ?" ಎಂದು ಗದರಿಕೊಂಡೇ ಕರೆತಂದಿದ್ದಳು.

ಮುಂದಿನ ಬೆಂಚಿನ ಟೋಪಿ ಹುಡುಗ ಕೈ ಎತ್ತಿದ. "ಅಕ್ಕ, ಇದನ್ನ ಆಫ್ ಮಾಡ್ಬಹುದಾ?"

"ಮಲಗೋವಾಗ ತೆಗೀತಾಳೆ. ಇಲ್ದಿದ್ರೆ ಯಾವಾಗ್ಲೂ ಇರುತ್ತೆ."

"ಇಲ್ಲ" ಎಂದಳು ಹುಡುಗಿ.

ಅವಳು ಆ ಕೋಣೆಯಲ್ಲಿ ಆಡಿದ ಮೊದಲ ಮಾತು ಅದು. ತಾಯಿಯ ಕೈಯಿಂದ ತಲೆ ಬಿಡಿಸಿಕೊಂಡು ನೆಟ್ಟಗೆ ನಿಂತಳು. "ಮನೆಗೆ ಬಂದ ತಕ್ಷಣ ತೆಗೆದು ಜೇಬಿಗೆ ಹಾಕ್ಕೋತೀನಿ. ಕೂದಲು ಬಿಟ್ರೆ ಗೊತ್ತಾಗಲ್ಲ."

ಅಕ್ಕ ನಕ್ಕಳು. "ತಮಾಷೆ ಮಾಡ್ತಾಳೆ."

"ತಮಾಷೆ ಅಲ್ಲಮ್ಮ."

"ಮತ್ತೆ ನಾನು ಹೇಳೋದಕ್ಕೆಲ್ಲ ಹೂಂ ಅಂತೀಯಲ್ಲೇ?"

"ನಿನ್ನ ಮೊಣಕೈ ನೋಡ್ತೀನಿ. ಉಜ್ಜೋದು ನಿಂತ್ರೆ ಹೂಂ ಅನ್ಬೇಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ನಿಂತ್ರೆ ಆಯ್ತಮ್ಮ ಅನ್ಬೇಕು. ಅಷ್ಟು ಸಾಕಾಗುತ್ತೆ."

ತರಗತಿ ಹೋ ಎಂದು ನಕ್ಕಿತು. ಟೋಪಿ ಹುಡುಗ ಬೆಂಚು ಬಡಿದ. ಎಲ್ಲರೂ ನಗುತ್ತಿದ್ದಾರೆಂದು ಅಕ್ಕನೂ ನಕ್ಕಳು. ಕೂದಲು ಎತ್ತಿ ಹಿಡಿದಿದ್ದ ಕೈ ಗಾಳಿಯಲ್ಲಿ ಹಾಗೇ ಉಳಿದಿದ್ದು ಅವಳಿಗೇ ಗೊತ್ತಿರಲಿಲ್ಲ.

"ಯಾಕಮ್ಮ ಹಾಗೆ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಸ್ಕೂಲಲ್ಲಿ ಇಡೀ ದಿನ ಸದ್ದು ಕೇಳಿ ಕೇಳಿ ತಲೆ ಸಿಡೀತಿರುತ್ತೆ ಸಾರ್. ಮನೇಲಿ ನಲ್ಲಿ, ಫ್ಯಾನು, ಪಾತ್ರೆ, ಎಲ್ಲಾ ಒಟ್ಟಿಗೇ ಬಂದು ಬೀಳುತ್ತೆ." ಹುಡುಗಿ ಕಿವಿಯ ಮೇಲಿನ ಬಿಲ್ಲೆ ಮುಟ್ಟಿಕೊಂಡಳು. "ಅದೊಂದೇ ಅಲ್ಲ. ನಾನು ಚಿಕ್ಕವಳಿದ್ದಾಗ, ಇದು ಇರ್ಲಿಲ್ವಲ್ಲ, ಆಗ ಅಮ್ಮ ಏನು ಹೇಳ್ಬೇಕಾದ್ರೂ ನನ್ನ ಹತ್ರ ಬಂದು ಮಂಡಿಯೂರಿ ಕೂತು ಮುಖ ತೋರಿಸಿ ಹೇಳ್ತಿದ್ಲು. ನಾನು ತುಟಿ ನೋಡ್ತಿದ್ದೆ. ಅಮ್ಮ ಆ ಕಡೆ ತಿರುಗಿದ್ರೆ ಗಲ್ಲ ಹಿಡಿದು ಈ ಕಡೆ ತಿರುಗಿಸ್ತಿದ್ದೆ. ಇದು ಬಂದ್ಮೇಲೆ ಅಮ್ಮ ಬರೋದೇ ಬಿಟ್ಲು. ಒಳಗಿಂದಾನೇ ಕೂಗ್ತಾಳೆ. ಸ್ಟೇಷನ್ನಲ್ಲಿ ಕೂಗೋ ಹಾಗೆ."

ಈ ಸಲ ಯಾರೂ ನಗಲಿಲ್ಲ. ಟೋಪಿ ಹುಡುಗ ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ಮೇಷ್ಟ್ರು ಏನೂ ಬರೆದಿರದ ಬೋರ್ಡನ್ನು ಒರೆಸತೊಡಗಿದರು. ಅಕ್ಕನಿಗೆ ಏನಾದರೂ ಹೇಳಲೇಬೇಕೆನಿಸಿತು. ಮಾತೇ ಅವಳ ಕಸುಬು, ರೈಲು ಹಳಿ ತಪ್ಪಿದ ದಿನ ಕೂಡ ದನಿ ಅಲುಗದಂತೆ ಘೋಷಿಸಿದವಳು. ಈಗ ಮಾತ್ರ ಚೀಲ ಹೆಗಲಿಗೇರಿಸಿ ಮಗಳ ಕೈ ಹಿಡಿದು ಬಾಗಿಲ ಕಡೆ ನಡೆದಳು.

ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ದನಿ ವಾಪಸಾಯಿತು, ಜೊತೆಗೆ ಸಿಟ್ಟೂ ಬಂತು. ಅಂಗಡಿಗಳ ದೀಪ ಹತ್ತುತ್ತಿದ್ದ ಹೊತ್ತು. "ನಾಲ್ಕು ಜನರ ಮುಂದೆ ಮಾನ ಕಳೆದ್ಯಲ್ಲೇ. ಅಷ್ಟು ಕಷ್ಟ ಆಗ್ತಿದ್ರೆ ನನಗೆ ಹೇಳೋಕೆ ಬಾಯಿರ್ಲಿಲ್ವಾ? ನಿನಗೋಸ್ಕರ ಎಷ್ಟು ಆಸ್ಪತ್ರೆ ಅಲೆದಿದ್ದೀನಿ ಅಂತ ಗೊತ್ತಾ ನಿನಗೆ?" ಎಂದು ಒಂದೇ ಉಸಿರಿಗೆ ಬೈಯುತ್ತ ನಡೆದಳು. ತಿರುಗಿ ನೋಡಿದರೆ ಮಗಳು ಬಹಳ ಹಿಂದೆ ಚಪ್ಪಲಿ ಅಂಗಡಿಯ ಗಾಜಿನ ಮುಂದೆ ನಿಂತಿದ್ದಳು. ಇಷ್ಟು ಹೊತ್ತೂ ತಾನು ಬೆನ್ನು ಹಾಕಿಕೊಂಡೇ ಬೈದಿದ್ದೆಂದು ಅಕ್ಕನಿಗೆ ಆಗ ಹೊಳೆಯಿತು. ಹುಡುಗಿ ಅಂಗಿಯ ಜೇಬು ತಟ್ಟಿ ತೋರಿಸಿದಳು. ಬಿಲ್ಲೆ ಅಲ್ಲಿತ್ತು.

ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತರು. ಅಕ್ಕನ ತಲೆಯಲ್ಲಿ ಲೆಕ್ಕ ಶುರುವಾಯಿತು. ಕಥೆಗಳು ಹೋದವು, ಹೋಗಲಿ. ಸ್ಟೇಷನ್ನಿನ ಗೊಣಗಾಟ ಕೇಳದೆ ಇದ್ದದ್ದೇ ಒಳ್ಳೆಯದಾಯಿತು. ಮೊಟ್ಟೆ ತರಲು ಹೇಳಿದ್ದಕ್ಕೆ ಹೂಂ ಎಂದು ಬರಿಗೈಯಲ್ಲಿ ಬಂದದ್ದು, ಬಾಗಿಲಿಗೆ ಬೀಗ ಹಾಕು ಎಂದರೂ ಹಾಕದೆ ಇದ್ದದ್ದು, ಒಂದೊಂದಾಗಿ ಎಲ್ಲಕ್ಕೂ ಕಾರಣ ಸಿಕ್ಕಿತು. ಒಂದು ಕ್ಷಣ ನಗುವೂ ಬಂತು. ಆಗ ಬಾಣಲೆ ನೆನಪಾಯಿತು.

ಉಜ್ಜುವುದು ನಿಂತರೆ ಹೂಂ. ಇನ್ನೊಮ್ಮೆ ನಿಂತರೆ ಆಯ್ತಮ್ಮ.

ಛೆ, ಹಾಗಿರಲಾರದು ಎಂದು ಅಕ್ಕ ತನಗೆ ತಾನೇ ಹೇಳಿಕೊಂಡಳು. ಆ ದಿನ ಬಿಲ್ಲೆ ಹಾಕಿಕೊಂಡಿರಬಹುದು. ಇಷ್ಟು ತಿಂಗಳಲ್ಲಿ ಹೇಗೋ ಗೊತ್ತಾಗಿಯೇ ಇರುತ್ತದೆ, ಮಕ್ಕಳಿಗೆ ಎಲ್ಲ ಗೊತ್ತಾಗುತ್ತದೆ. ಬಸ್ಸು ಬಂತು. ಹತ್ತುವಾಗ ಹಿಡಿ ಸಿಗದೆ ಜಾರಿದವಳನ್ನು ಮಗಳೇ ಹಿಂದಿನಿಂದ ಹಿಡಿದುಕೊಂಡಳು.

ಇಬ್ಬರಿಗೂ ಒಂದೇ ಕಡೆ ಸೀಟು ಸಿಕ್ಕಿತು. ಹುಡುಗಿ ಕಿಟಕಿ ಪಕ್ಕ ಕೂತಳು. ಅಕ್ಕ ಅವಳ ಭುಜ ತಟ್ಟಿ, ಕಿವಿಯ ಕಡೆ ಬೆರಳು ತೋರಿಸಿ, ಹಾಕಿಕೋ ಎಂದು ಸನ್ನೆ ಮಾಡಿದಳು. ಹುಡುಗಿ ತಲೆಯಾಡಿಸಿದಳು. "ಬೇಡಮ್ಮ, ಬಸ್ಸಿನ ಸದ್ದು. ನೀನು ಹೇಳು, ನಂಗೆ ತಿಳಿಯುತ್ತೆ."

ಮಗಳಿಗೆ ಮುಖ ಕೊಟ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ತುಟಿಗಳು ತನ್ನವಲ್ಲ ಎಂಬಂತೆ ಅನಿಸಿತು. ಅಕ್ಕ ಒಂದೊಂದೇ ಪದ ಬಿಡಿಸಿ ಕೇಳಿದಳು. "ಅಪ್ಪನ ವಿಷಯ ನಿನಗೆ ಗೊತ್ತಲ್ವಾ?"

"ಓ, ಗೊತ್ತು."

ಅಕ್ಕ ಉಸಿರು ಬಿಟ್ಟಳು. ಕಣ್ಣು ಮುಚ್ಚಿ ಸೀಟಿಗೊರಗಿದಳು. ಅಷ್ಟರಲ್ಲಿ ಹುಡುಗಿ ನಗುತ್ತ ಮುಂದುವರಿಸಿದಳು.

"ನಿನಗೂ ಹೇಳ್ಬಿಟ್ರಾ? ನಂಗೆ ಮಾತ್ರ ಮೆಸೇಜ್ ಮಾಡಿದ್ದು ಅಂದ್ಕೊಂಡಿದ್ದೆ. ಹಡಗು ರಿಪೇರಿಗೆ ನಿಂತಿದ್ಯಂತೆ, ಅದಕ್ಕೇ ರಜ ಮುಂದಕ್ಕೆ ಹೋಯ್ತಂತೆ. ನನ್ನ ಪರೀಕ್ಷೆ ಮುಗಿಯೋ ಹೊತ್ತಿಗೆ ಬರ್ತಾರಂತೆ. ಅಪ್ಪ ಬಂದ್ರೆ ಆ ಹೊಸ ಚಪ್ಪಲಿ ಕೇಳ್ತೀನಿ. ನೀನು ಕೊಡಿಸಲ್ಲ."

ಅಕ್ಕ ಕಣ್ಣು ತೆರೆದಳು, ಆದರೆ ಮಗಳ ಕಡೆ ತಿರುಗಲಿಲ್ಲ. ಎದುರು ಸೀಟಿನ ಬೆನ್ನಿನ ಮೇಲೆ ಯಾರೋ ಮೊಳೆಯಿಂದ ಕೆತ್ತಿದ ಗೀಟುಗಳಿದ್ದವು, ಅವನ್ನೇ ನೋಡಿದಳು. ಎಂಟು ತಿಂಗಳು. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟ ಮಾಡುತ್ತ, ತಾನು ಗಂಡ ಬಿಟ್ಟು ಹೋದ ಮನೆಯಲ್ಲಿದ್ದಳು, ಮಗಳು ಅಪ್ಪ ಬರುವ ಮನೆಯಲ್ಲಿದ್ದಳು. ಹೇಳಿ ಮುಗಿಸಿದೆ ಎಂದುಕೊಂಡಿದ್ದನ್ನು ಹೇಳಿಯೇ ಇರಲಿಲ್ಲ. ಮಗಳ ಎದೆಯಲ್ಲಿ ಉಕ್ಕೂ ಇರಲಿಲ್ಲ, ಏನೂ ಇರಲಿಲ್ಲ. ಅವನ ಸುಳ್ಳಿನ ಮೇಲೆ ಬಂದ ಸಿಟ್ಟು ಅರ್ಧಕ್ಕೇ ನಿಂತಿತು. ತಾನು ಹೇಳಿದ್ದೂ ಬಾಣಲೆಗೇ ಅಲ್ಲವೇ.

"ನಾನು ಹೇಳಿದ್ದೆ ಪುಟ್ಟಿ" ಎಂದಳು ಆ ಗೀಟುಗಳಿಗೆ. "ಆ ಚಳಿಗಾಲದಲ್ಲೇ ನಿಂಗೆ ಹೇಳಿದ್ದೆ."

ಬಸ್ಸು ಸೇತುವೆಯ ಕೆಳಗೆ ನುಗ್ಗಿತು. ಒಳಗಿನ ದೀಪ ಕೆಟ್ಟಿದ್ದರಿಂದ ಎಲ್ಲ ಕತ್ತಲಾಯಿತು. ಆ ಕತ್ತಲಲ್ಲಿ ಅಕ್ಕನ ಗಲ್ಲಕ್ಕೆ ಬೆರಳುಗಳು ತಾಕಿದವು. ಅವು ಈಗ ಮಗುವಿನ ಬೆರಳುಗಳಾಗಿರಲಿಲ್ಲ, ಉದ್ದವಾಗಿದ್ದವು, ತುದಿಯಲ್ಲಿ ಪೆನ್ನು ಹಿಡಿದು ಗಟ್ಟಿಯಾಗಿದ್ದವು. ಹಿಡಿಯುವ ರೀತಿ ಮಾತ್ರ ಅದೇ. ಗಲ್ಲವನ್ನು ಮೆತ್ತಗೆ ಕಿಟಕಿಯ ಕಡೆ ತಿರುಗಿಸಿದವು.

"ನೀನು ಏನೋ ಹೇಳ್ತಿದ್ಯಲ್ಲ. ಈ ಕಡೆ ನೋಡಿ ಹೇಳಮ್ಮ."

ಬಸ್ಸು ಸೇತುವೆಯಿಂದ ಈಚೆ ಬಂತು. ಬೀದಿ ದೀಪದ ಬೆಳಕು ತಾಯಿಯ ಮುಖದ ಮೇಲೆ ಬಿದ್ದು, ಸರಿದು, ಮತ್ತೆ ಬಿತ್ತು. ಹುಡುಗಿ ಗಲ್ಲ ಬಿಡದೆ ಅವಳ ತುಟಿಗಳನ್ನೇ ನೋಡುತ್ತ ಕಾದಳು.